ಸಂತ ವಿನ್ಸೆಂಟನ ಸರದಿ

ಜನವರಿ 22, ಬೆಳಗ್ಗೆ ಏಳು ಗಂಟೆ. ಆರ್ಷವೆಲ್ ಊರಿನ ಪೊಲೀಸ್ ಠಾಣೆಗೆ ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷ ಓನೊರೆ ಏದುಸಿರು ಬಿಡುತ್ತ ಬಂದ. ಚರ್ಚಿನಿಂದ, ದ್ರಾಕ್ಷಿ ಬೆಳೆಗಾರರನ್ನು ಕಾಯುವ ಸಂತ ವಿನ್ಸೆಂಟನ ಮರದ ವಿಗ್ರಹ ಕಳುವಾಗಿತ್ತು. ಅಂದೇ ಸಂತನ ಹಬ್ಬ, ಹನ್ನೊಂದಕ್ಕೆ ಮೆರವಣಿಗೆ. ಯುದ್ಧಕಾಲದಲ್ಲೂ ನಿಲ್ಲದ ಮೆರವಣಿಗೆ ಇವತ್ತು ನಿಂತರೆ ಊರಿನ ಮಾನ ಮೂರಾಬಟ್ಟೆ. ಇದೇ ಊರಲ್ಲಿ ಹುಟ್ಟಿ ಬೆಳೆದ ಇನ್‌ಸ್ಪೆಕ್ಟರ್ ಒದೀಲ್ ದೂರಿನ ಪುಸ್ತಕ ತೆರೆದಳು.

"ಯಾರ ಮೇಲಾದ್ರೂ ಅನುಮಾನ?"

"ಹಳೇ ಸಾಮಾನಿನ ವ್ಯಾಪಾರಿ ಒಬ್ಬ ಮೊನ್ನೆ ಫೋಟೋ ಹೊಡ್ಕೊಂಡು ಹೋದ. ನೀನು ಬರೀತಾ ಕೂತಿರು, ಅವ್ನು ಗಡಿ ದಾಟ್ಲಿ!"

"ಬರೀದೆ ಹಿಡಿದ್ರೆ ಅವನ ವಕೀಲ ಬಿಡಿಸ್ಕೊಂಡು ಹೋಗ್ತಾನೆ. ಸಹಿ ಹಾಕಿ."

ಎಫ್‌ಐಆರ್ ದಾಖಲಿಸಿ, ಇಬ್ಬರು ಸಾಕ್ಷಿಗಳ ಎದುರು ಒದೀಲ್ ಚರ್ಚಿನಲ್ಲಿ ಪಂಚನಾಮೆ ನಡೆಸಿದಳು. ಬೀಗ ಒಡೆದಿರಲಿಲ್ಲ, ಪಕ್ಕದ ಬಾಗಿಲಿಗೆ ಬೀಗ ಹಾಕುವ ಅಭ್ಯಾಸವೇ ಊರಿಗಿಲ್ಲ. ಖಾಲಿ ಪೀಠ ಒದ್ದೆಯಾಗಿತ್ತು.

"ಸೂರು ಸೋರಿರ್ಬೇಕು ಮೇಡಂ," ಎಂದ ಕಾನ್‌ಸ್ಟೇಬಲ್ ತಾಂಗಿ. ಕಡಲ ಕಡೆಯವನು, ಊರಿಗೆ ಹೊಸಬ.

ಒದೀಲ್ ಮಂಡಿಯೂರಿ ಮೂಸಿದಳು. "ಸೂರಿಂದ ವೈನ್ ಸೋರತ್ತೇನಯ್ಯಾ?"

ಸಂತ ವರ್ಷಕ್ಕೊಬ್ಬ ಬೆಳೆಗಾರನ ಮನೆಗೆ ಸರದಿಯಂತೆ ಅತಿಥಿ. ಕರೆದೊಯ್ಯುವವನು ತನ್ನ ತೋಟದ ವೈನನ್ನು ಸಂತನ ಪಾದಕ್ಕೆ ಸುರಿಯದೆ ವಿಗ್ರಹ ಮುಟ್ಟುವಂತಿಲ್ಲ; ಮೆರವಣಿಗೆಯಲ್ಲಿ ಹೊರುವವನೂ ಅವನೇ. ಹೊರಗಿನ ವ್ಯಾಪಾರಿಗೆ ಇದರ ಗಂಧಗಾಳಿ ಎಲ್ಲಿಂದ ಬರಬೇಕು? ಕದಿಯಲು ಬಂದು ಶಾಸ್ತ್ರ ಮುಗಿಸಿ ಹೋದ ಮಹಾಶಯ ಊರಿನವನೇ. ಅದರ ಮೇಲೆ ಆ ವೈನಿಗೆ ಅಕ್ರೋಟಿನ ವಾಸನೆ. ಊರೆಲ್ಲ ಕೆಂಪು ವೈನ್ ಮಾಡಿದರೆ, ಈ ವಾಸನೆಯ ಹಳದಿ ವೈನ್ ಮಾಡುತ್ತಿದ್ದವನು ಮುದುಕ ರೂವ್ಯೇ ಒಬ್ಬನೇ. ಅವನ ಬಳ್ಳಿಗಳು ಹಿಮಕ್ಕೆ ಸುಟ್ಟುಹೋಗಿದ್ದವು.

"ಈ ವರ್ಷ ಯಾರ ಸರದಿ?" ಒದೀಲ್ ಕೇಳಿದಳು.

ಜೊತೆಗೇ ಬಂದಿದ್ದ ಓನೊರೆ ತಲೆ ತಗ್ಗಿಸಿದ. "ರೂವ್ಯೇದಿತ್ತು. ತೋಟ ಇಲ್ದೋನು ಎಂಥಾ ಬೆಳೆಗಾರ? ಹೆಸರು ತೆಗೆದ್ವಿ."

"ಅವರಿಗೆ ಹೇಳಿದ್ರಾ?"

"ಸಂಘದ ಬೋರ್ಡಿಗೆ ಚೀಟಿ ಅಂಟಿಸಿದ್ವಲ್ಲ."

ರೂವ್ಯೇ ಮನೆಯ ಬಾಗಿಲು ತೆರೆದೇ ಇತ್ತು. ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ಸಂತ, ಎದುರಿಗೆ ಬಿಸಿ ಸೂಪು.

"ಬಾಗಿಲು ಹಾಕ್ಕೊಂಡು ಬಾ ಮಗಳೇ, ಅವನಿಗೆ ಚಳಿ," ಎಂದ ಪಕ್ಕದಲ್ಲಿ ಕೂತಿದ್ದ ರೂವ್ಯೇ.

"ನೀವೇ ತಂದ್ರಾ ತಾತ?"

"ನಾನಲ್ದೆ ಇನ್ಯಾರು? ಇದ್ದ ಒಂದೇ ಬಾಟ್ಲಿ ಸುರಿದು ಕರ್ಕೊಂಡು ಬಂದೆ."

"ನಿಮ್ಮನ್ನ ಬಂಧಿಸ್ಬೇಕು."

"ಬಂಧಿಸು. ಅತಿಥಿ ಊಟ ಮುಗೀಲಿ."

ಅಷ್ಟರಲ್ಲಿ ಊರೇ ಅಂಗಳದಲ್ಲಿ ನೆರೆದಿತ್ತು. ಓನೊರೆ ವಿಗ್ರಹಕ್ಕೆ ಕೈ ಹಾಕಲು ಹೋದ. ಒದೀಲ್ ಅಡ್ಡ ನಿಂತಳು.

"ಪಾದಕ್ಕೆ ವೈನ್ ಸುರಿದೋರೇ ಹೊರಬೇಕು. ನಿಯಮ ನಿಮ್ಮ ಸಂಘದ್ದೇ."

"ಕಳ್ಳನ ಕೈಲಾ?"

"ಆರೋಪಿ ಕೈಲಿ. ಪಕ್ಕದಲ್ಲಿ ನಾನಿರ್ತೀನಿ."

"ಸರಿಯಾಗ್ ಹೇಳ್ದೆ ಹುಡುಗಿ!" ಎಂದು ಅಂಗಳದಲ್ಲಿ ಯಾರೋ ಕೂಗಿದರು. ಹನ್ನೊಂದಕ್ಕೆ ಸರಿಯಾಗಿ ಗಂಟೆಗಳು ಮೊಳಗಿದವು. ಎಡಕ್ಕೆ ಒದೀಲ್, ಬಲಕ್ಕೆ ತಾಂಗಿ, ನಡುವೆ ಸಂತನನ್ನು ಎದೆಗಪ್ಪಿಕೊಂಡ ರೂವ್ಯೇ ಎದೆಯುಬ್ಬಿಸಿ ನಡೆದ. ಹಾಡು ಗಗನಕ್ಕೇರಿತು. ಓನೊರೆಯೇ ಮುಂದೆ ಹೋಗಿ ದಾರಿ ಬಿಡಿಸಬೇಕಾಯಿತು. ಒದೀಲ್ ತಾನೂ ದನಿಗೂಡಿಸಿದಳು.

ಚರ್ಚಿನ ಮೆಟ್ಟಿಲ ಮೇಲೆ ಸಂತನನ್ನು ಒಪ್ಪಿಸಿ, ಮುದುಕ ತಾನಾಗಿಯೇ ಅವಳತ್ತ ಎರಡೂ ಕೈ ಚಾಚಿದ. ಮಧ್ಯಾಹ್ನ ಬಂಧನ ದಾಖಲಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಒದೀಲ್ ಬರೆದಳು: ಆರೋಪಿಗೆ ವಿಗ್ರಹ ಬೇಕಿರಲಿಲ್ಲ, ಮನೆಗೆ ಸಂತ ಬರಬೇಕಿತ್ತು.