ಎರಡು ಟಿಕೆಟ್, ಒಬ್ಬನೇ ಪ್ರಯಾಣಿಕ

"ಎರಡು ಶಕ್ತಿನಗರ!"

ಕಂಡಕ್ಟರ್ ಕಲ್ಯಾಣಿ ಟಿಕೆಟ್ ಮಷೀನಿನಿಂದ ತಲೆಯೆತ್ತಿದಳು. ಕಿಟಕಿ ಪಕ್ಕ ಒಬ್ಬನೇ ಕೂತಿದ್ದಾನೆ. ಬದಿಯ ಸೀಟು ಖಾಲಿ!

"ಇನ್ನೊಬ್ರು ಎಲ್ಲಿ ಅದಾರ್ರಿ?"

"ಬರ್ತಾರ," ಎಂದು ನಕ್ಕ.

ಬಸ್ಸು ರಾಯಚೂರು ಬಿಟ್ಟು ಶಕ್ತಿನಗರ ಮುಟ್ಟಿತು. ಯಾರೂ ಬರಲಿಲ್ಲ.

ಮುಂದಿನ ಭಾನುವಾರವೂ ಅವನೇ, ಎರಡೇ ಟಿಕೆಟ್. ಅದರ ಮುಂದಿನ ಭಾನುವಾರವೂ!

ಭಾನುವಾರ ಆ ಬಸ್ಸಿನಲ್ಲಿ ಹೊಳೆಗೆ ಹೊರಟವರೇ ಹೆಚ್ಚು. ಕೃಷ್ಣಾ ನದಿಯಲ್ಲಿ ಈಜುವವರು, ಬುತ್ತಿ ಕಟ್ಟಿಕೊಂಡು ದಂಡೆಗೆ ಹೊರಟ ಮನೆಮಂದಿ, ಸೇತುವೆ ಮೇಲೆ ಫೋಟೋ ತೆಗೆಸಿಕೊಳ್ಳುವ ಹೊಸ ಜೋಡಿಗಳು...

"ನೀವು ವಾರಾ ವಾರಾ ಎಲ್ಲಿಗಿ ಹೊಂಟೀರಿ?" ತಡೆಯಲಾರದೆ ಕೇಳಿಯೇಬಿಟ್ಟಳು.

"ಹೊಳ್ಯಾಗ ಈಜಾಕ."

ಆದರೆ ಅದೇ ಬಸ್ಸಿನಲ್ಲಿ ವಾಪಸ್ ಬರುವಾಗ ಅವನ ತಲೆಗೂದಲು ಒಣಗಿಯೇ ಇತ್ತು!

"ಮಫ್ತಿ ಇರಬೇಕವ್ವಾ," ಎಂದ ಡ್ರೈವರ್ ಸಲಾವುದ್ದೀನ್. "ಸಾದಾ ಬಟ್ಟಿ ಹಾಕ್ಕೊಂಡು ಕಂಡಕ್ಟರ್ ತಪ್ಪು ಹಿಡ್ಯಾಕ ಕೂಡ್ತಾರ."

ಕಲ್ಯಾಣಿ ಬೆಚ್ಚಿದಳು. ಯಾಕೆಂದರೆ, ತಪ್ಪು ಇತ್ತು.

ಬಿಸ್ಮಿಲ್ಲಾ ಬೀ ಎಂಬ ಅಜ್ಜಿ ಪ್ರತಿ ಭಾನುವಾರ ರಾಯಚೂರಿನ ಮಗಳನ್ನು ನೋಡಿಕೊಂಡು ಇದೇ ಬಸ್ಸಿಗೆ ಮರಳುತ್ತಿದ್ದಳು. ಅವಳ ಮನೆ ಸೇತುವೆಯಾಚೆ, ತೆಲಂಗಾಣದಲ್ಲಿ. ಹೆಂಗಸರ ಉಚಿತ ಟಿಕೆಟ್ ಕರ್ನಾಟಕದ ಆಧಾರ್ ಕಾರ್ಡ್ ಇದ್ದವರಿಗೆ ಮಾತ್ರ. ಗೊತ್ತಿದ್ದೂ ಕಲ್ಯಾಣಿ ಅಜ್ಜಿಗೆ ಉಚಿತ ಟಿಕೆಟ್ ಹರಿದು ಕೊಡುತ್ತಿದ್ದಳು.

"ಹುಟ್ಟಿದ್ದು ರಾಯಚೂರಾಗ ಬೇಟಿ. ಹೊಳಿ ದಾಟಿ ಲಗ್ನ ಆದ್ರ ಪರದೇಶಿ ಆದ್ನೇನು?" ಅಂದಿದ್ದಳು ಅಜ್ಜಿ. ಆ ಮಾತಿಗೆ ಕರಗಿಹೋಗಿದ್ದಳು ಕಲ್ಯಾಣಿ.

ಅಪ್ಪ ಪಂಪಾಪತಿ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ ಇದು. ಹೋದರೆ ಅವ್ವನ ಗತಿ ಏನು? ತಂಗಿಯ ಓದು? ಮತ್ತೆ ಆ ಮನುಷ್ಯ ಸದಾ ಅಜ್ಜಿಯ ಹಿಂದಿನ ಸೀಟಿನಲ್ಲೇ ಕೂರುವುದು ಯಾಕೆ?!

ಹಾಳಾದ ಮನಸ್ಸು! ಭಾನುವಾರ ಬಂದರೆ ಅವನನ್ನೇ ಹುಡುಕುತ್ತದೆ. ಅವನು ಕಂಡರೆ ಹೆದರುತ್ತದೆ. ನಗು ಚೆಂದ ಇದ್ದವರನ್ನು ನಂಬಬಾರದು ಕಲ್ಯಾಣಿ, ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು.

ಒಂಬತ್ತನೇ ಭಾನುವಾರ ಅರ್ಧ ದಾರಿಯಲ್ಲಿ ಜೀಪೊಂದು ಬಸ್ಸನ್ನು ತಡೆಯಿತು. ಚೆಕಿಂಗ್!

ಕಲ್ಯಾಣಿ ಅವನತ್ತ ಬಗ್ಗಿದಳು. "ನೀವ ಕರಿಸೀರಿ... ಹೌದಲ್ರೀ?"

ಅವನ ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಮುಖದಲ್ಲಿ ಗಾಬರಿ. ಅವನು ಮುಂದಕ್ಕೆ ಬಾಗಿ, ಅಜ್ಜಿಯ ಕೈಯಿಂದ ಉಚಿತ ಟಿಕೆಟ್ ಎಳೆದುಕೊಂಡ. ಮಂಡಕ್ಕಿ ಜೊತೆ ಬಾಯಿಗೆ ಹಾಕಿಕೊಂಡೇಬಿಟ್ಟ! ತನ್ನ ಎರಡು ಟಿಕೆಟ್‌ಗಳಲ್ಲಿ ಒಂದನ್ನು ಅಜ್ಜಿಯ ಕೈಗೆ ತುರುಕಿದ.

"ಟಿಕೆಟ್ ತೋರ್ಸು ಅಜ್ಜಿ," ಎಂದ ಅಧಿಕಾರಿ. "ರೊಕ್ಕ ಕೊಟ್ಟು ತಗೊಂಡೀ ಏನು?"

"ಅಜ್ಜಿ ಕಾರ್ಡು ಆಚಿ ದಂಡಿದು ಸರ್. ಅದಕ್ಕ ನಾನ ತಗೊಂಡೀನಿ," ಎಂದ ಅವನು, ಬಾಯಿ ತುಂಬ ಅಗಿಯುತ್ತ.

ಅಧಿಕಾರಿ ಮುಂದಿನ ಸೀಟಿಗೆ ನಡೆದ. ಕಲ್ಯಾಣಿಗೆ ಹೋದ ಜೀವ ಬಂತು.

ಶಕ್ತಿನಗರದಲ್ಲಿ ಜನ ಇಳಿದ ಮೇಲೆ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಯಾರು ನೀವು?"

"ಕಿರಣಕುಮಾರ. ಇಲ್ಲೇ ವಿದ್ಯುತ್ ಕೇಂದ್ರದಾಗ ಎಲೆಕ್ಟ್ರಿಷಿಯನ್."

"ವಾರ ಎಲ್ಲಾ ಇಲ್ಲೇ ದುಡಿದು, ಸೂಟಿ ದಿನಾನೂ ಇಲ್ಲಿಗೇ ಈಜಾಕ ಬರ್ತೀರಿ?!"

"ನಂಗ ಈಜಾಕ ಬರಂಗಿಲ್ರಿ..." ಅವನು ತಲೆ ತಗ್ಗಿಸಿದ. "ಎರಡು ತಿಂಗಳ ಹಿಂದ ಅಜ್ಜಿ ಕಾರ್ಡು ಕೆಳಗ ಬಿತ್ತು. ಎತ್ತಿಕೊಡುವಾಗ ವಿಳಾಸ ನೋಡ್ದೆ. ಒಂದಿಲ್ಲೊಂದಿನ ನೀವು ಸಿಕ್ಕೊಂತೀರಿ ಅನ್ನಿಸ್ತು. ಹೇಳಿದ್ರ ನನ್ನ ಮ್ಯಾಗ ಸಿಟ್ಟಾಗ್ತೀರಿ ಅಂತ..."

"ಅದಕ್ಕ ಇಷ್ಟು ವಾರ ಸುಮ್ನ ಎರಡು ಟಿಕೆಟ್ ತಗೊಂಡ್ರಿ?"

"ಟಿಕೆಟ್ ಅಜ್ಜಿಗಾಗಿ. ನಾ ಬಂದಿದ್ದು... ನಿಮ್ಮನ್ನ ನೋಡಾಕ."

ಎಷ್ಟು ಶಾಪ ಹಾಕಿದ್ದೆ ಇವನಿಗೆ! ನಾಚಿಕೆ, ಸಿಟ್ಟು, ಸಂತೋಷ ಎಲ್ಲಾ ಒಟ್ಟಿಗೇ ಬಂದು ಕಲ್ಯಾಣಿಯ ಕಣ್ಣು ತುಂಬಿದವು.

ಹಿಂದಿನಿಂದ ಬಿಸ್ಮಿಲ್ಲಾ ಬೀ ಅವಳ ಭುಜ ತಟ್ಟಿದಳು. "ನನ್ನಿಂದ ನಿನ್ನ ನೌಕರಿ ಹೋಗೂದು ಬ್ಯಾಡ ಬೇಟಿ. ಮುಂದಿನ ವಾರದಿಂದ ನನ್ನ ಟಿಕೆಟ್ ನಾನ ತಗೊಂತೀನಿ." ಆಮೇಲೆ ಕಿರಣಕುಮಾರನತ್ತ ತಿರುಗಿ ಕಣ್ಣು ಮಿಟುಕಿಸಿದಳು. "ನಿನ್ನ ಎರಡನೇ ಟಿಕೆಟ್ಟಿಗಿ ಬ್ಯಾರೆ ಯಾರನ್ನಾರ ನೋಡ್ಕೋ ಬೇಟಾ!"

ಮುಂದಿನ ತಿಂಗಳು ಒಂದು ಭಾನುವಾರ ಕಲ್ಯಾಣಿಗೆ ರಜೆ ಸಿಕ್ಕಿತು. ಅವತ್ತು ಬಸ್ಸಿಗೆ ದಾನೇಶ್ವರಿ ಕಂಡಕ್ಟರ್.

"ಎರಡು ಶಕ್ತಿನಗರ," ಎಂದ ಕಿರಣಕುಮಾರ, ರೂಢಿಯಂತೆ.

"ಒಂದ ಸಾಕವ್ವಾ, ನಂಗ ಫ್ರೀ ಅದ," ಎಂದು ಬಾಗಿಲಿನಿಂದ ದನಿ ಬಂತು. ಖಾಕಿ ಬಿಟ್ಟು ಹಸಿರು ಸೀರೆ ಉಟ್ಟ ಕಲ್ಯಾಣಿ ಕಾರ್ಡ್ ತೋರಿಸುತ್ತ ಹತ್ತಿ ಬಂದು, ಆ ಖಾಲಿ ಸೀಟಿನಲ್ಲಿ ಕೂತಳು.

ಕಿರಣಕುಮಾರ ಅವಳನ್ನೇ ನೋಡಿದ. "ಇನ್ನೊಬ್ರು ಬರ್ತಾರ ಅಂತ ಮೊದಲ ದಿನಾನ ಹೇಳಿದ್ನಲ್ರಿ..."

"ಬಂದೀನಲ್ಲ!" ಎಂದಳು ಅವಳು ನಗುತ್ತ. "ಆದ್ರ ಇವತ್ತ ತಲಿ ತೋಯಿಸ್ದ ವಾಪಸ್ ಬಂದ್ರ, ಮುಂದಿನ ವಾರ ನನ್ನ ಬಸ್ ಹತ್ತಸಂಗಿಲ್ಲ ನೋಡ್ರಿ!"