ಹಲವು ಹೆಸರಿನ ಜ್ವರ

“ಬಂದ್ರಾ ಕುರಿ ಡಾಕ್ಟ್ರೇ? ಇವತ್ತು ಯಾವ ಮಂದೆ ಹೊಡ್ಕೊಂಡು ಬಂದ್ರಿ?”

ಗ್ರಂಥಪಾಲಕಿ ಕಣ್ಣೆತ್ತದೆ ಕೇಳಿದಳು. ಎತ್ತಿದರೆ ನಗು ಸಿಕ್ಕಿಬೀಳುತ್ತಿತ್ತು. ಕುರಿಗಳ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಅವನು ದಿನವೂ ಬಂದು, ಎರಡು ನಿಮಿಷದ ಕೆಲಸಕ್ಕೆ ಒಂದು ಗಂಟೆ ಕೂರುತ್ತಿದ್ದ.

ಇವತ್ತು ಅವನು ನಗಲಿಲ್ಲ. “ಎಲ್ಲಾ ಡೇಟಾಬೇಸೂ ಒಟ್ಟಿಗೆ ಹುಡುಕ್ಬೇಕು ಮೇಡಂ. ಒಂದೂ ಬಿಡ್ಬಾರ್ದು.”

“ಏನಂತ?”

“ಕಂದು ಹಾಕೋ ರೋಗ.”

ಗಬ್ಬದ ಕುರಿಗಳು ಅಕಾಲದಲ್ಲಿ ಮರಿ ಕಳೆದುಕೊಳ್ಳುವ ಕಾಯಿಲೆ. ಅವನ ಪ್ರಬಂಧದ ವಿಷಯವೇ. ಅವಳು ಪಶುವೈದ್ಯದ ಡೇಟಾಬೇಸ್‌ಗಳಿಗೆಲ್ಲ ಗುರುತು ಹಾಕಿದಳು.

“ಮನುಷ್ಯರ ವೈದ್ಯದ್ದೂ ಸೇರ್ಸಿ. ನಮಗೂ ಅಂಟುತ್ತೆ. ಒಂದೊಂದು ಕಡೆ ಒಂದೊಂದು ಹೆಸರು, ಎಲ್ಲಾ ಹೆಸರೂ ಹಾಕಿ. ಲಕ್ಷಣಾನೂ ಹಾಕಿ. ಸಂಜೆ ಚಳಿ. ಬೆನ್ನುನೋವು. ಹೃದಯ.”

“ಥೀಸಿಸ್ಸಿಗೆ ಹೃದಯಾನೂ ಬಂತಾ?” ಎಂದು ರೇಗಿಸಲು ತಲೆಯೆತ್ತಿದವಳು ಮಾತನ್ನು ಅಲ್ಲೇ ನುಂಗಿದಳು. ಎಲ್ಲರೂ ಫ್ಯಾನಿನಡಿ ಜಾಗಕ್ಕೆ ಪರದಾಡುವ ಬಿಸಿಲಿನಲ್ಲಿ ಅವನು ಸ್ವೆಟರ್ ತೊಟ್ಟಿದ್ದ. ಇಷ್ಟು ದಿನ ಕದ್ದು ಕದ್ದು ಅವನ ರೆಪ್ಪೆಗಳನ್ನು ನೋಡಿದ್ದಳು. ಕೆನ್ನೆ ಇಳಿದದ್ದನ್ನು ನೋಡಿರಲಿಲ್ಲ.

“ಯಾರಿಗೆ?”

“ಒಂದು ಕೇಸು.”

“ಡಾಕ್ಟ್ರೇ, ಯಾರಿಗೆ?”

ಅವನು ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡ. “ಕುರಿ ಹೆರಕ್ಕಾಗ್ದೆ ಒದ್ದಾಡ್ತಿತ್ತು. ಗ್ಲೌಸ್ ಹುಡುಕ್ತಾ ಕೂತ್ರೆ ಸತ್ತೇ ಹೋಗ್ತಿತ್ತು. ನಮ್ಮಪ್ಪನೂ ಬರಿಗೈಲೇ ಮರಿ ಎಳೀತಿದ್ರು... ಸಾವು ಅಂತಲೂ ಹಾಕಿ.”

ಅವಳು ಗುಂಡಿ ಒತ್ತಿದಳು. ಒಂದೊಂದು ಡೇಟಾಬೇಸಿನ ಮುಂದೂ ಪುಟ್ಟ ಚಕ್ರ ಸುತ್ತತೊಡಗಿತು. ಒಂದೊಂದೇ ನಿಂತು ಉತ್ತರ ಕೊಟ್ಟವು. ಹೃದಯದ ಕವಾಟ. ಮರಣ. ಮರಣ.

“ನೋಡಿದ್ರಾ? ಮನೇಲೂ ಇದನ್ನೇ ಓದ್ದೆ. ಬದುಕಿದೋರೇ ಇಲ್ಲ.”

“ಬದುಕಿದೋರನ್ನ ನೀವು ಕೇಳಿದ್ರೆ ತಾನೆ? ಸಾವು ಬೇಕು ಅಂದ್ರೆ ಸಾವನ್ನೇ ತಂದು ಸುರಿಯುತ್ತೆ ಇದು.” ಅವಳು ಕೊನೆಯ ಪದ ಅಳಿಸಿ ‘ಚಿಕಿತ್ಸೆ’ ಎಂದು ಹಾಕಿದಳು.

ಚಕ್ರಗಳು ಮತ್ತೆ ಸುತ್ತಿದವು. ಈ ಸಲ ಸಾಲುಗಳು ಉಕ್ಕಿ ಬಂದವು. ಬೇಗ ಗೊತ್ತಾದರೆ ಕೆಲವು ವಾರಗಳ ಮಾತ್ರೆ, ಗುಣ.

“ಬೇಗ ಅಂದ್ರೆ?” ಅವನ ದನಿ ಸಣ್ಣಗಾಯಿತು. “ನಂಗಾಗ್ಲೇ ತಿಂಗಳಾಯ್ತು.”

“ರಕ್ತ ಕೊಟ್ರಾ?”

“ಇಲ್ಲ. ಹೌದು ಅಂತ ಬಂದ್ಬಿಟ್ರೆ? ನಿಮ್ಮನ್ನ ಒಂದು ಮಾತು ಕೇಳೋದಿತ್ತು. ಆಮೇಲೆ ಯಾವ ಮುಖ ಇಟ್ಕೊಂಡು ಕೇಳ್ಲಿ?”

“ಅದಕ್ಕೂ ಲ್ಯಾಬಿನೋರ ಅಪ್ಪಣೆ ಬೇಕಾ? ಈಗ್ಲೇ ಕೇಳಿ.”

ಅವನು ಬಾಯಿ ತೆರೆದ. ಜ್ವರವೋ ಭಯವೋ, ಹಲ್ಲು ಕಟಕಟಿಸಿತೇ ಹೊರತು ಮಾತು ಹೊರಡಲಿಲ್ಲ.

“ಹೂಂ,” ಅಂದಳು ಅವಳು.

“ನಾನಿನ್ನೂ ಕೇಳೇ ಇಲ್ಲ!”

“ನೀವು ಕೇಳೋ ಹೊತ್ತಿಗೆ ನಂಗೆ ರಿಟೈರ್ಮೆಂಟ್ ಆಗಿರುತ್ತೆ. ನಡೀರಿ ಆಸ್ಪತ್ರೆಗೆ.”

ಕುರ್ಚಿಯನ್ನು ಸಹೋದ್ಯೋಗಿಗೆ ಒಪ್ಪಿಸಿ ಅವಳು ಹೊರಬಂದಳು. ಮೆಟ್ಟಿಲಿಳಿಯುವಾಗ ಅವನ ತೋಳಿನೊಳಗೆ ಕೈ ಸಿಕ್ಕಿಸಿ, ಬಿಗಿಯಾಗಿ ಹಿಡಿದುಕೊಂಡಳು.