ಬಾಗಿಲ ಮೇಲಿನ ಹೊಳೆಯುವ ಪಟ್ಟಿ

‘ಟಕ್’ ಅಂತ ಇನ್ನೊಂದು ಕ್ಲಿಪ್ ಮುರಿಯಿತು.

“ಥೂ! ಈಗಿನ್ ಪ್ಲಾಸ್ಟಿಕ್ಕೇ ಇಷ್ಟು. ಒಸೀನೂ ಗಟ್ಟಿ ಇಲ್ಲ,” ಎಂದು ತಾತ ರಾಮಲಿಂಗಯ್ಯ ತುಂಡನ್ನು ಅಂಗಳಕ್ಕೆ ಎಸೆದರು.

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಭಾನುಪ್ರಿಯ ಅದನ್ನು ಹೆಕ್ಕಿ ನೋಡಿದಳು. ಕ್ಲಿಪ್ಪಿನ ಒಂದು ಕಾಲು ಬುಡಕ್ಕೇ ಮುರಿದಿತ್ತು.

ತಾತನ ಹಳೆಯ ಬಿಳಿ ಅಂಬಾಸಿಡರ್ ಕಾರಿನ ಬಾಗಿಲ ಮೇಲೆ ಉದ್ದಕ್ಕೂ ಒಂದು ಹೊಳೆಯುವ ಪಟ್ಟಿ. ಅದನ್ನು ಹಿಡಿದಿದ್ದ ಕಬ್ಬಿಣದ ಕ್ಲಿಪ್ಪುಗಳು ತುಕ್ಕು ಹಿಡಿದು, ಕಾರು ಓಡುವಾಗ ಪಟ್ಟಿ ಲಟಲಟ ಅನ್ನುತ್ತಿತ್ತು. ಭಾನುವಿನ ಅಪ್ಪ ಅಶ್ವಥ ಬೆಂಗಳೂರಿನ ಅಂಗಡಿಗಳಲ್ಲಿ ಹುಡುಕಿ ಹೊಸ ಕ್ಲಿಪ್ ತಂದಿದ್ದರು. ಚನ್ನಪಟ್ಟಣದ ಗ್ಯಾರೇಜಿಗೆ ಕೊಡೋಣ ಅಂದರೆ ತಾತ ಒಪ್ಪಲಿಲ್ಲ.

“ಈ ಕಾರ್ನಾಗೆ ರಾಮನಗರದ ಮಾರ್ಕೆಟ್ಟಿಗೆ ಎಷ್ಟು ರೇಷ್ಮೆಗೂಡು ಸಾಗ್ಸಿವ್ನಿ ನಾನು! ಕ್ಲಿಪ್ ಹಾಕಕ್ಕೆ ಗ್ಯಾರೇಜ್ ಬೇಕಾ?”

ಬಿಚ್ಚಿಟ್ಟ ಪಟ್ಟಿಯ ಪಕ್ಕದಿಂದ ತಾತ ಇನ್ನೊಂದು ಹೊಸ ಕ್ಲಿಪ್ ತೆಗೆದುಕೊಂಡರು. ಈ ಸಲ ಭಾನು ಕ್ಲಿಪ್ ನೋಡಲಿಲ್ಲ, ತಾತನ ಬೆರಳು ನೋಡಿದಳು. ಬಾಗಿಲಿನ ತೂತಿನ ಸುತ್ತ ಕ್ಲಿಪ್ಪಿನ ಕಾಲು ಅತ್ತಿತ್ತ ಅಲೆಯಿತು. ತಾತ ಸಿಟ್ಟಿನಿಂದ ಸೊಟ್ಟಗೆ ಒತ್ತಿದರು. ಟಕ್!

“ತಾತ, ನಿನ್ ಕೈ ನಡುಗ್ತೈತೆ.”

“ಯಾರ್ ಕೈ ನಡುಗ್ತೈತೆ? ಹೋಮ್‌ವರ್ಕ್ ಇಲ್ವಾ ನಿಂಗೆ? ಎದ್ದೋಗು!”

ತಾತ ಹೀಗೆ ಗದರಿದ್ದೇ ಇಲ್ಲ. ಭಾನು ಮುಖ ಊದಿಸಿಕೊಂಡು ಜಗುಲಿಯ ಮೇಲೆ ಕೂತಳು. ಓದುವವಳಂತೆ ಪುಸ್ತಕ ಬಿಚ್ಚಿದರೂ ಕಣ್ಣು ಮಾತ್ರ ಕಾರಿನ ಕಡೆಗೇ ಇತ್ತು.

ತಾತ ಕೈಯನ್ನು ಪಂಚೆಗೆ ಒರೆಸಿಕೊಂಡರು. ಎಡಗೈಯಿಂದ ಬಲಗೈ ಹಿಡಿದು ಮತ್ತೆ ಪ್ರಯತ್ನಿಸಿದರು. ಆಗಲಿಲ್ಲ. ಆಮೇಲೆ ಉಳಿದ ಕ್ಲಿಪ್ಪುಗಳನ್ನೆಲ್ಲ ಕವರಿಗೆ ತುಂಬಿದರು.

“ಅಶ್ವಥನ್ಗೇ ಹೇಳ್ಬುಡ್ತೀನಿ. ಗ್ಯಾರೇಜಿಗಾದ್ರೂ ಕೊಡ್ಲಿ, ಮಾರಾದ್ರೂ ಬುಡ್ಲಿ,” ಎಂದು ತಮ್ಮಷ್ಟಕ್ಕೆ ಅಂದುಕೊಂಡು ಜೇಬಿನಲ್ಲಿ ಫೋನ್ ತಡಕಿದರು.

ಅಪ್ಪನಿಗೆ ಫೋನ್ ಹೋದರೆ ಮುಗಿಯಿತು. ಭಾನುವಿನ ಸಿಟ್ಟು ಎಲ್ಲಿಗೆ ಹೋಯಿತೋ. ಪುಸ್ತಕ ಬಿಟ್ಟು ಓಡಿ ಬಂದಳು.

“ತಾತ, ಅದು ಹೆಂಗ್ ಹಾಕೋದು? ನಂಗೂ ಹೇಳ್ಕೊಡು.”

“ನಿಂಗ್ಯಾಕೆ?”

“ದೊಡ್ಡೋಳಾದ್ಮೇಲೆ ಈ ಕಾರ್ ನಾನೇ ಓಡ್ಸದು. ಆಗ ಕ್ಲಿಪ್ ಹೋದ್ರೆ ಯಾರನ್ನ ಕೇಳ್ಲಿ?”

ತಾತ ಅವಳ ಮುಖವನ್ನೇ ನೋಡಿದರು. ಆಮೇಲೆ ಕವರ್ ಬಿಚ್ಚಿದರು.

“ಎರಡೂ ಕಾಲು ಒತ್ತಿ ಹಿಡ್ಕೋ. ನೆಟ್ಟಗಿಡು. ಈಗ ಹೆಬ್ಬೆಟ್ಟಲ್ಲಿ ಒತ್ತು.”

‘ಕಟಕ್’ ಅಂತ ಕ್ಲಿಪ್ ತೂತಿನೊಳಗೆ ಕೂತಿತು.

“ಕೂತ್ಕೊಂತು! ತಾತ, ಕೂತ್ಕೊಂತು!”

ಖುಷಿಯಲ್ಲಿ ಆತುರಪಟ್ಟು ಮುಂದಿನದನ್ನು ಭಾನು ಮುರಿದೇಬಿಟ್ಟಳು. ಅವಳ ಮುಖ ಸಣ್ಣದಾಯಿತು.

“ಬುಡು ಕಣವ್ವ. ನನ್ ಕೈಲಿ ಮುರಿದಿದ್ದೇನು ಕಮ್ಮಿನಾ?” ತಾತ ನಕ್ಕರು. “ನೆಟ್ಟಗೆ ನಿಲ್ಲಾಕಿಲ್ಲ ಈ ಕೈ. ನೀನ್ ಹೇಳಿದ್ದೇ ಸರಿ.”

ಉಳಿದವನ್ನೆಲ್ಲ ಅವಳು ನಿಧಾನಕ್ಕೆ ಹಾಕಿದಳು. ಕೊನೆಯ ತೂತಿಗೆ ಕ್ಲಿಪ್ಪೇ ಇರಲಿಲ್ಲ. ಬಿಚ್ಚಿಟ್ಟಿದ್ದ ಹಳೆಯ ಕ್ಲಿಪ್ಪುಗಳಲ್ಲಿ ಗಟ್ಟಿಯಾದ ಒಂದನ್ನು ತಾತ ಹುಡುಕಿ, ತುಕ್ಕು ಉಜ್ಜಿ ಕೊಟ್ಟರು. ಅದೂ ಕೂತಿತು.

ಆಮೇಲೆ ಪಟ್ಟಿಯ ಸರದಿ. ಅದರ ಮೇಲಂಚನ್ನು ಕ್ಲಿಪ್ಪುಗಳಿಗೆ ಸಿಕ್ಕಿಸಿ ಭಾನು ಒತ್ತಿದಳು. ಜಗ್ಗಲಿಲ್ಲ.

“ಒಸಿ ಅತ್ಲಾಗ್ ಸರಿ, ಇದು ನನ್ ಕೆಲ್ಸ,” ಎಂದು ತಾತ ಅಂಗೈಯಿಂದ ಟಪ್, ಟಪ್ ಎಂದು ಗುದ್ದುತ್ತ ಹೋದರು. ಪಟ್ಟಿ ಈ ತುದಿಯಿಂದ ಆ ತುದಿಗೆ ಬಾಗಿಲಿಗೆ ಅಂಟಿಕೊಂಡು ನಿಂತಿತು.

ಅಷ್ಟರಲ್ಲಿ ರೇಷ್ಮೆಹುಳಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಸಿದ್ದ ಅಜ್ಜಿ ಸರಸಮ್ಮ ಕಾಫಿ ತಂದರು. ಭಾನುವಿನ ಲೋಟ ತುಂಬಿತ್ತು. ತಾತನ ಲೋಟದಲ್ಲಿ ಮಾತ್ರ ಅರ್ಧ.

“ಅಜ್ಜಿ, ತಾತಂಗ್ಯಾಕೆ ಬರೀ…” ಎಂದು ಭಾನು ಅರ್ಧಕ್ಕೇ ನಿಲ್ಲಿಸಿದಳು.

ತಾತ ಎರಡೂ ಕೈಯಲ್ಲಿ ಲೋಟ ಹಿಡಿದಿದ್ದರು. ಒಳಗೆ ಕಾಫಿ ಕುಲುಕಾಡುತ್ತಿತ್ತು. ಆದರೆ ಒಂದು ಹನಿಯೂ ಚೆಲ್ಲಲಿಲ್ಲ. ಅಜ್ಜಿ ಆ ಕಡೆ ನೋಡದೆ, ಕಾರಿನ ಬಾಗಿಲನ್ನೇ ನೋಡುತ್ತ ನಿಂತಿದ್ದರು. ತಾತ ಕುಡಿದು ಮುಗಿಸಿದ ಮೇಲೆ, ಕೇಳದೆಯೇ, ಇನ್ನರ್ಧ ಬಗ್ಗಿಸಿದರು.

“ಏನ್ ಬರೀ?” ಎಂದರು ಅಜ್ಜಿ.

“ಏನಿಲ್ಲ. ಪಟ್ಟಿ ಚೆಂದಾಗ್ ಕೂತೈತೆ ಅಲ್ವಾ?” ಎಂದಳು ಭಾನು. ಅವಳೂ ಬಾಗಿಲ ಕಡೆಗೇ ತಿರುಗಿ ಕೂತು, ಕಾಫಿ ಕುಡಿಯತೊಡಗಿದಳು.